ಎಣ್ಣೆ ಬೆರೆಸದ ಪೆಟ್ರೋಲು

ಇವತ್ತು ಬೆಳಿಗ್ಗೆ ಮರ ಕುಯ್ಯಲು ಬಂದವನು ಅಂಗಳದಲ್ಲಿ ಕೂತು ಪೆಟ್ರೋಲಿಗೆ ಎಣ್ಣೆ ಬೆರೆಸುತ್ತಿದ್ದ. ನಾನು ಒಳಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಬರೀ ಪೆಟ್ರೋಲಿನದು ಮೂಗಿಗೆ ಚುಚ್ಚುವ ವಾಸನೆ. ಎಣ್ಣೆ ಬೆರೆತ ಮೇಲೆ ಅದಕ್ಕೆ ಸ್ವಲ್ಪ ಸಿಹಿ ಬರುತ್ತದೆ, ಬೆಲ್ಲದ ಪಾಕ ತಳ ಹಿಡಿದ ಹಾಗೆ. ನಾನು ಆ ವಾಸನೆಯಲ್ಲೇ ನಿಂತುಬಿಟ್ಟೆ. ಕಾವಲಿಯ ಮೇಲಿದ್ದ ರೊಟ್ಟಿ ಸೀದುಹೋಯಿತು...

ಹೊರಗೆ ಬಂದು ನೋಡಿದರೆ, ಅವನು ಒಂದು ಪುಟ್ಟ ಬಾಟಲಿಯ ಮುಚ್ಚಳ ತಿರುಗಿಸಿ ಅಷ್ಟನ್ನೂ ಕ್ಯಾನಿಗೆ ಸುರಿದ. ಒಂದು ಬಾಟಲಿಗೆ ಇಷ್ಟು ಪೆಟ್ರೋಲು ಅಂತ ಕಂಪನಿಯವರೇ ಅಳೆದು ಕೊಡುತ್ತಾರಂತೆ ಈಗ. ಕ್ಯಾನನ್ನು ಹೆಸರಿಗೆ ಕುಲುಕಿ, ಅಲ್ಲೇ ಬೀಡಿ ಹಚ್ಚಲು ಕಡ್ಡಿ ಗೀರಹೊರಟ. "ಆ ಕಡೆ ಹೋಗಿ ಹಚ್ಕೊಳಪ್ಪ, ಮನೆ ಸುಟ್ಟೀಯ" ಎಂದು ಗದರಿದೆ. ಗದರಿದ್ದು ನಾನಾದರೂ ಮಾತು ನನ್ನದಲ್ಲ. ಅದು ಮಿಷನ್ ಮಾವನ ಮಾತು.

ನಮ್ಮ ತೋಟ ಇರುವುದು ಕಿಬ್ಬನಹಳ್ಳಿಯಿಂದ ತುರುವೇಕೆರೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ. ಪಕ್ಕದ ತೋಟ ಅವರದು. ನನ್ನ ಗಂಡನ ಮನೆಯವರ ದಾಯಾದಿ, ವರಸೆಯಲ್ಲಿ ನನಗೆ ಮಾವ. ಸುತ್ತಮುತ್ತ ಮೊದಲು ಮರ ಕುಯ್ಯುವ ಮಿಷನ್ನು ತಂದವರು ಅವರಾದ್ದರಿಂದ ಊರಿಗೆಲ್ಲ ಮಿಷನ್ ಮಾವ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಹರೆಯದಲ್ಲಿ ಅವರು ಕಾಯಿ ಕೀಳಲು ಮರ ಹತ್ತುತ್ತಿದ್ದವರು. ಮಂಡಿ ಕೈಕೊಟ್ಟ ಮೇಲೆ ಮಿಷನ್ನು ಹಿಡಿದರು. "ಹತ್ತಿದ ಮರಾನೇ ಕುಯ್ಯೋ ಹಂಗಾಯ್ತು ನೋಡವ್ವ" ಎಂದು ಒಮ್ಮೆ ಹೇಳಿದ್ದುಂಟು. ದುಃಖದಿಂದ ಹೇಳಿದ್ದಲ್ಲ. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು, ಬಸ್ಸು ತಡವಾಯಿತು ಅನ್ನುವ ಹಾಗೆ ಹೇಳಿದ್ದು. ಅವರು ದುಃಖ ತೋಡಿಕೊಳ್ಳುವ ಪೈಕಿ ಅಲ್ಲವೇ ಅಲ್ಲ.

ನಮ್ಮ ಊರಿನ ಕಡೆ ತೆಂಗಿನ ಮರಕ್ಕೆ ಕೊಡಲಿ ಹಾಕುವುದು ಸುಲಭದ ಮಾತಲ್ಲ. ಮನೆಯ ಹೆಂಗಸು ಮೊದಲು ಬುಡಕ್ಕೆ ಒಂದು ಚೊಂಬು ನೀರು ಬಿಡಬೇಕು, ಅರಿಶಿನ ಕುಂಕುಮ ಇಡಬೇಕು. ಆಮೇಲೆ ಮನೆಯ ಕೊಬ್ಬರಿ ಎಣ್ಣೆಯನ್ನು ಕೊಡಲಿಯ ಬಾಯಿಗೆ ಸವರಬೇಕು, ಮರಕ್ಕೆ ನೋವಾಗದಿರಲಿ ಅಂತ. ಕೊಡಲಿ ಹೋಗಿ ಮಿಷನ್ನು ಬಂದಾಗ ಹೆಂಗಸರು ಎಣ್ಣೆಬಟ್ಟಲು ಹಿಡಿದು, ಎಲ್ಲಿಗೆ ಸವರುವುದೋ ತಿಳಿಯದೆ ನಿಂತರು. ಮಾವ ಒಂದು ಮುಚ್ಚಳ ತೆಗೆದು, "ಇಲ್ಲಿಗೆ ಹಾಕ್ರವ್ವ, ಇದು ಹಲ್ಲಿಗೆ ಹೋಗೋ ದಾರಿ. ಆ ಕಡೇದಕ್ಕೆ ಮಾತ್ರ ಹಾಕ್ಬ್ಯಾಡ್ರಿ, ಅದು ಹೊಟ್ಟೆ" ಅನ್ನುತ್ತಿದ್ದರು. ಮಿಷನ್ನಿಗೆ ಎರಡು ಬಾಯಿ: ಒಂದು ಸರಪಳಿ ನೆನೆಸುವ ಎಣ್ಣೆಗೆ, ಇನ್ನೊಂದು ಪೆಟ್ರೋಲಿಗೆ. ಸರಪಳಿಗೆ ಕೊಬ್ಬರಿ ಎಣ್ಣೆ ಬಿದ್ದರೆ ಅಂಥ ತೊಂದರೆಯೇನಿಲ್ಲ. ಕುಯ್ಯುವಾಗ ತೋಟದ ತುಂಬ ಹಪ್ಪಳ ಕರಿದ ವಾಸನೆ ಬರುತ್ತಿತ್ತು, ಅಷ್ಟೆ.

ಹೊಟ್ಟೆಯ ವಿಷಯ ಮಾತ್ರ ಬೇರೆ. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಇವರನ್ನು ನೋಡಿ ತಾವೂ ಒಂದು ಮಿಷನ್ನು ತಂದರು. ಎಣ್ಣೆ ಬೆರೆಸಿ ಹಾಕಿ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಕೊಬ್ಬರಿ ವ್ಯಾಪಾರದವರಿಗೆ ಎಣ್ಣೆ ಅಂದರೆ ಇನ್ಯಾವುದು? ಗಾಣದಿಂದ ತಂದ ಶುದ್ಧ ಎಣ್ಣೆಯನ್ನೇ ಧಾರಾಳವಾಗಿ ಪೆಟ್ರೋಲಿಗೆ ಬೆರೆಸಿಟ್ಟರು. ಪುಷ್ಯದ ಚಳಿಗೆ ಬೆಳಗಾಗುವಷ್ಟರಲ್ಲಿ ಅದು ಒಳಗೇ ಹೆಪ್ಪುಗಟ್ಟಿ, ಮಿಷನ್ನು ಜಪ್ಪಯ್ಯ ಅಂದರೂ ಉಸಿರೆತ್ತಲಿಲ್ಲ. ಮಾವ ಹೋಗಿ ಬಿಚ್ಚಿ ನೋಡಿ, "ಒಳ್ಳೆ ತುಪ್ಪದ ಗಿಂಡಿ ಮಾಡ್ಕಂಡಿದೀರಲ್ಲ ಸ್ವಾಮಿ" ಅಂದರಂತೆ.

ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿಗೆ ಕೊಡುವ ಬಿಡಿ ಎಣ್ಣೆಯನ್ನು ಅವರು ಮುಟ್ಟುತ್ತಿರಲಿಲ್ಲ. ಸ್ಕೂಟರು ಓಡುತ್ತದೆ, ಗಾಳಿಗೆ ಮೈ ತಣ್ಣಗಾಗುತ್ತದೆ. ಗರಗಸ ನಿಂತಲ್ಲೇ ಕೂಗಬೇಕು, ಅದರ ಮೈಕಾವೇ ಬೇರೆ ಅನ್ನುವುದು ಅವರ ವಾದ. ಗರಗಸದ್ದೇ ಎಣ್ಣೆ ಬೇಕೆಂದು ಬಸ್ಸು ಹತ್ತಿ ತಿಪಟೂರಿಗೆ ಹೋಗಿ ತರುತ್ತಿದ್ದರು. ಈಗಿನ ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸುತ್ತಾರೆ, ಇಟ್ಟರೆ ನೀರು ಕುಡಿಯುತ್ತದೆ ಎಂದು ಗೊಣಗುತ್ತಾ, ಬೇಕಾದಷ್ಟನ್ನೇ ಆಯಾ ದಿನ ಬೆರೆಸುತ್ತಿದ್ದರು. ಎಣ್ಣೆ ಜಾಸ್ತಿಯಾದರೆ ಹೊಗೆ. ಕಡಿಮೆಯಾದರೆ ಒಳಗಿನ ಪಿಸ್ಟನ್ನು ಉಜ್ಜಿ ಉಜ್ಜಿ ಹಿಡಿದುಕೊಳ್ಳುತ್ತದೆ, ಅಲ್ಲಿಗೆ ಮಿಷನ್ನಿನ ಕತೆ ಮುಗಿಯಿತು.

ಅಳೆಯಲು ಅವರ ಹತ್ತಿರ ನುಣ್ಣಗೆ ಉಜ್ಜಿದ ಪುಟ್ಟದೊಂದು ತೆಂಗಿನ ಚಿಪ್ಪು ಇತ್ತು, ಒಳಗೆ ಚೂರಿಯಲ್ಲಿ ಗೀರಿದ ಗೆರೆ. ಮೊದಲು ಅರ್ಧ ಪೆಟ್ರೋಲು, ಆಮೇಲೆ ಗೆರೆಯ ತನಕ ಎಣ್ಣೆ, ಕುಲುಕುವುದು. ಉಳಿದ ಪೆಟ್ರೋಲು, ಮತ್ತೆ ಕುಲುಕುವುದು. ಕೊನೆಗೆ ಒಂದು ಹನಿಯನ್ನು ಬೆರಳಿಗೆ ಹಚ್ಚಿ ಉಜ್ಜಿ ನೋಡುತ್ತಿದ್ದರು. ಪೆಟ್ರೋಲು ಹಾರಿಹೋಗಿ ಬೆರಳು ಜಿಡ್ಡಾಗಿ ಉಳಿದರೆ ಸರಿ. ಒಣಗಿದರೆ ಎಣ್ಣೆ ಬಿದ್ದಿಲ್ಲ. ಪ್ರತಿ ಸಲವೂ ಈ ಪರೀಕ್ಷೆ. ನೋಡಿ ನೋಡಿ ನನಗೇ ಬೇಜಾರು. "ನೀವೇ ಹಾಕಿದ್ದಲ್ವಾ ಮಾವ, ಮತ್ಯಾಕೆ ನೋಡ್ತೀರಿ?" ಅಂದರೆ, "ಹಾಕಿದ್ದು ಕೈ ಕಣವ್ವ. ಕೈಯ್ಯ ಎಷ್ಟೂಂತ ನಂಬಾದು" ಅನ್ನುತ್ತಿದ್ದರು.

ನಮ್ಮ ತೋಟದಲ್ಲಿ ಒಂದು ತಾಯಿಮರ ಇತ್ತು. ಬೀಜದ ಕಾಯಿಗೆ ಅಂತಲೇ ಬಿಟ್ಟ ಮರ. ಅದರ ಕಾಯಿ ಎಳನೀರಿಗೂ ಇಲ್ಲ, ಕೊಬ್ಬರಿಗೂ ಇಲ್ಲ, ಸಸಿಗೆ ಮಾತ್ರ. ಚಿಕ್ಕನಾಯಕನಹಳ್ಳಿ ಕಡೆಯಿಂದಲೂ ಬಂದು ಕೇಳಿ ಒಯ್ಯುತ್ತಿದ್ದರು. ಮಾವನ ತೋಟದ ಮುಕ್ಕಾಲುಪಾಲು ಮರಗಳು ಅದರ ಮಕ್ಕಳೇ. ಬೀಜದ ಕಾಯಿಯನ್ನು ಕೆಳಕ್ಕೆ ಬೀಳಿಸುವಂತಿಲ್ಲ, ಗೊನೆಗೆ ಹಗ್ಗ ಕಟ್ಟಿ ಇಳಿಸಬೇಕು. ಮಂಡಿ ಗಟ್ಟಿಯಿರುವ ತನಕ ಆ ಕೆಲಸ ಮಾಡಿದವರೂ ಮಾವನೇ.

ಆ ಮರಕ್ಕೆ ರಸ ಸೋರುವ ಕಾಯಿಲೆ ಹತ್ತಿತು. ಕಾಂಡದ ಮೇಲೆ ಕೆಂಪಗೆ, ತುಕ್ಕಿನ ನೀರಿನ ಹಾಗೆ ಇಳಿಯತೊಡಗಿತು. ಕೆತ್ತಿ ಔಷಧಿ ಬಳಿದೆವು, ಬೇವಿನ ಹಿಂಡಿ ಹಾಕಿದೆವು. ಸುಳಿ ಸಣ್ಣಗಾಗುತ್ತಲೇ ಹೋಯಿತು. ಇನ್ನು ಕೆಂಪು ಮೂತಿ ಹುಳು ಸೇರಿಕೊಂಡರೆ ತೋಟವೆಲ್ಲ ಹೋದೀತು, ಕುಯ್ಯಿಸಿಬಿಡೋಣ ಅಂದರು ನಮ್ಮೆಜಮಾನರು. ಮಾವನನ್ನು ಕೇಳಿದಾಗ ಅವರೇನೂ ಎದೆ ಒಡೆದುಕೊಳ್ಳಲಿಲ್ಲ. "ಕಾಯಿಲೆ ಮರ, ಕುಯ್ದು ಸುಟ್ಟುಬುಡಿ. ಬುಟ್ರೆ ಪಕ್ಕದ್ದಕ್ಕೂ ಹತ್ತುತ್ತೆ" ಎಂದರು. ಈ ಮಾತನ್ನು ಮಾತ್ರ ಆಮೇಲೆ ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಆ ದಿನ ನಾನೇ ಬುಡಕ್ಕೆ ನೀರು ಬಿಟ್ಟೆ, ಕುಂಕುಮ ಇಟ್ಟೆ, ಎಣ್ಣೆ ಕೊಟ್ಟೆ. ಹಗ್ಗ ಹಿಡಿಯಲು ಆಳುಗಳು ಬಂದಿದ್ದರು. ಮಾವ ಮಿಷನ್ನು ಎಬ್ಬಿಸಿ ಕಾಂಡಕ್ಕೆ ಇಟ್ಟರು. ಗಾಯ ಇನ್ನೂ ಅಂಗೈ ಆಳಕ್ಕೂ ಹೋಗಿರಲಿಲ್ಲ, ಸದ್ದು ಬದಲಾಯಿತು. ಕೀರಲು ದನಿಯಲ್ಲಿ ಒಮ್ಮೆ ಕೂಗಿ, ಕಟಕ್ಕನೆ ನಿಂತಿತು. ಮಿಷನ್ನು ಎಬ್ಬಿಸುವ ಹಗ್ಗ ಎಳೆದರೆ ಅಲ್ಲಾಡಲಿಲ್ಲ. ಮಾವ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಪೆಟ್ರೋಲಿನ ಮುಚ್ಚಳ ತೆಗೆದು, ಬೆರಳು ಅದ್ದಿ ಉಜ್ಜಿದರು. ಇನ್ನೊಮ್ಮೆ ಅದ್ದಿ ಉಜ್ಜಿದರು. ಬೆರಳು ಒಣಗಿತ್ತು.

"ಎಣ್ಣೆನೇ ಹಾಕಿಲ್ಲ" ಎಂದರು. "ಬರೀ ಪೆಟ್ರೋಲು... ಮರ್ತೋಯ್ತು ಕಣವ್ವ. ಹೆಂಗ್ ಮರ್ತೆ?"

ಅಷ್ಟು ವರ್ಷ ಬೆರಳಿಗೆ ಹಚ್ಚಿ ನೋಡದೆ ಒಂದು ಹನಿ ತುಂಬಿಸದವರು ಅವತ್ತು ಅದನ್ನೂ ಮರೆತಿದ್ದರು. ಅದನ್ನು ಯಾರು ತಾನೇ ನಂಬಿಯಾರು? ಆಳುಗಳಲ್ಲಿ ಒಬ್ಬ, "ಮರ್ತಿದ್ದಲ್ಲ ಬುಡಿ, ಮಾವಂಗೆ ಮನಸ್ ಬರ್ಲಿಲ್ಲ" ಅಂದ. ತಾವೇ ಹತ್ತಿ ಗೊನೆ ಇಳಿಸುತ್ತಿದ್ದ ತಾಯಿಮರ, ಅದನ್ನು ಕುಯ್ಯಲಾರದೆ ಮಿಷನ್ನನ್ನೇ ಕೊಂದುಕೊಂಡರು ಅನ್ನುವುದು ಎಲ್ಲರ ತಲೆಗೂ ಒಟ್ಟಿಗೆ ಹೋಯಿತು. ನನ್ನ ತಲೆಗೂ. ನಮ್ಮೆಜಮಾನರು ಅವರಪ್ಪ ಸತ್ತಾಗಲೂ ಅಳದ ಗಂಡಸು, ಅವತ್ತು ಕಣ್ಣೊರೆಸಿಕೊಂಡು ಮಾವನ ಕೈ ಹಿಡಿದುಕೊಂಡರು.

"ಬ್ಯಾಡ ಬುಡಿ ಮಾವ, ಮರ ಇರ್ಲಿ."

"ಲೇ, ನಾನು ಮರ್ತೆ ಕಣ್ಲಾ."

"ಗೊತ್ತು ಬುಡಿ ಮಾವ" ಅಂದರು ಇವರು.

ಊರ ಬಾಯಿಗೆ ಮುಚ್ಚಳ ಇಲ್ಲ. ಸಂಜೆಯೊಳಗೆ ಕಿಬ್ಬನಹಳ್ಳಿಯ ಬಸ್‌ಸ್ಟಾಪಿನ ಚಹಾ ಅಂಗಡಿಯಲ್ಲಿ ಅದೇ ಮಾತು. ಯಾರೋ ಬಂದು ಮರಕ್ಕೆ ಅರಿಶಿನದ ದಾರ ಸುತ್ತಿದರು. ಕಾಯಿಲೆಯ ರಸ ಮರದ ಕಣ್ಣೀರಾಯಿತು. ಆಮೇಲೆ ತುರುವೇಕೆರೆಯಲ್ಲಿ ಬೆಳೆಗಾರರೆಲ್ಲ ಸೇರಿದ್ದ ಒಂದು ಸಭೆಗೆ ಮಾವನನ್ನು ಕರೆದೊಯ್ದು ಶಾಲು ಹೊದಿಸಿದರು. ನಾನೂ ಹೋಗಿದ್ದೆ, ಹೊಸ ಸೀರೆ ಉಟ್ಟುಕೊಂಡು. ಎರಡು ಮಾತು ಆಡಿ ಎಂದು ಮೈಕು ಕೊಟ್ಟರು. ಮಾವ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, "ಇವ್ರು ಹೇಳಿದ್ದು ಸುಳ್ಳು ಕಣ್ರಪ್ಪ. ನಾನು ಎಣ್ಣೆ ಹಾಕಾದು ಮರ್ತಿದ್ದೆ" ಅಂದರು. ಚಪ್ಪಾಳೆಯೋ ಚಪ್ಪಾಳೆ. ದೊಡ್ಡವರು ತಮ್ಮ ದೊಡ್ಡತನ ಹೇಳಿಕೊಳ್ಳುವುದಿಲ್ಲ ಎಂದು ಅಧ್ಯಕ್ಷರು ವಿವರಿಸಿದರು. ಮಾವ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತರು. ಅದನ್ನೂ ಜನ ವಿನಯ ಅಂದುಕೊಂಡರು.

ಅದಾದ ಕೆಲವು ದಿನಕ್ಕೆ ನಾನು ಕಾಯಿ ರಾಶಿಯ ಮುಂದೆ ಕೂತಿದ್ದಾಗ ಬಂದರು. ಕೂರಲಿಲ್ಲ, ಕಂಬ ಹಿಡಿದು ನಿಂತರು.

"ನೀನಾದ್ರೂ ನಂಬವ್ವ. ತಲೇಲಿ ಏನೋ ಕೈಕೊಡ್ತಾ ಐತೆ. ಮೊನ್ನೆ ತಿಪಟೂರಲ್ಲಿ ಬಸ್ ಇಳಿದೆ, ಯಾಕ್ ಬಂದೆ ಅಂತ್ಲೇ ತಿಳೀಲಿಲ್ಲ. ಸುಮ್ಕೆ ನಿಂತಿದ್ದೆ."

"ವಯಸ್ಸಾದ್ರೆ ಎಲ್ಲಾರ್ಗೂ ಹಂಗೇ ಮಾವ. ನಾನೂ ಸಾರಿಗೆ ಉಪ್ಪು ಮರೀತೀನಿ" ಎಂದೆ. ನಗಿಸೋಣ ಅಂತ ಹೇಳಿದ್ದು. ಅವರು ನಗಲಿಲ್ಲ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜುತ್ತಾ ಬೇಲಿ ದಾಟಿ ಹೋದರು. ಅವರ ಹೆಂಡತಿಗೂ ಇದನ್ನೇ ಹೇಳಿದ್ದರಂತೆ. ಅತ್ತೆಯೂ, ಸನ್ಮಾನದ ಫೋಟೊ ಗೋಡೆಗೆ ಹಾಕುತ್ತಾ, "ಸುಮ್ನಿರಿ, ಅದೊಂದು ಹೇಳ್ಕಂಡು ಮಾನ ಕಳಕಬ್ಯಾಡಿ" ಅಂದಿದ್ದರಂತೆ.

ಮಿಷನ್ನಿಗೆ ತಿಪಟೂರಿನಲ್ಲಿ ಹೊಸ ಪಿಸ್ಟನ್ನು ಹಾಕಿಸಿದರು. ಅದರ ಒಳಗನ್ನು ರಿಪೇರಿ ಮಾಡುವವನಿದ್ದ... ಆಮೇಲೆ ಒಂದು ಬೆಳಿಗ್ಗೆ ಅವರ ತೋಟದ ಕಡೆಯಿಂದ ನೀಲಿ ಹೊಗೆ ಎದ್ದಿತು. ಕಸಕ್ಕೆ ಬೆಂಕಿ ಇಟ್ಟಿರಬೇಕು ಅಂದುಕೊಂಡೆ. ಹೊಗೆ ನಮ್ಮ ಅಂಗಳಕ್ಕೂ ಬಂದಾಗ ಓಡಿದೆ. ಮಾವ ಹೊಗೆಯ ನಡುವೆ, ಬಡಿದುಕೊಳ್ಳುವ ಮಿಷನ್ನನ್ನು ಹಿಡಿದು ಕೆಮ್ಮುತ್ತಾ ನಿಂತಿದ್ದರು. ಎಣ್ಣೆಯ ಡಬ್ಬಿ ಖಾಲಿಯಾಗಿ ಕಾಲ ಬಳಿ ಉರುಳಿತ್ತು. ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಸುರಿದಿದ್ದರು. ಬೆರಳಿಗೆ ಹಚ್ಚಿ ನೋಡಿದರೂ, ನೋಡಿದ್ದು ಮರೆಯುತ್ತಿತ್ತು.

"ಹಾಕಿದ್ನಾ?" ಎಂದು ನನ್ನನ್ನು ಕೇಳಿದರು. ಎರಡೂ ಕೈ ಮೊಣಕೈ ತನಕ ಎಣ್ಣೆ. "ನೋಡೇಳವ್ವ, ಹಾಕಿದ್ನಾ ನಾನು?"

ಆಗ ನನಗೆ ಗೊತ್ತಾಯಿತು. ಈ ಮನುಷ್ಯ ತಾಯಿಮರದ ಬುಡದಲ್ಲಿ ಕೂತು ಹೇಳಿದ್ದು, ಮೈಕಿನಲ್ಲಿ ಹೇಳಿದ್ದು, ನನ್ನ ಕಂಬ ಹಿಡಿದು ಹೇಳಿದ್ದು ಎಲ್ಲವೂ ನಿಜ. ಅವರೊಬ್ಬರೇ ಸರಿಯಾಗಿ ತಿಳಿದುಕೊಂಡಿದ್ದರು ತಮ್ಮನ್ನು. ನಾವು ಒಳ್ಳೆಯ ಕತೆ ಸಿಕ್ಕಿತೆಂದು ಅದನ್ನೇ ಹಿಡಿದುಕೊಂಡಿದ್ದೆವು.

ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಿದ್ದಾಯಿತು. ಮರೆವಿನ ಕಾಯಿಲೆ, ಶುರುವಾಗಿ ಬಹಳ ದಿನ ಆಗಿದೆ ಎಂದರು ಅವರು. ವಾಸಿಯಾಗುವುದಂತೂ ಅಲ್ಲ, ಮೊದಲೇ ಬಂದಿದ್ದರೆ ಔಷಧಿಯಿಂದ ಸ್ವಲ್ಪ ನಿಧಾನವಾದರೂ ಆಗುತ್ತಿತ್ತೇನೋ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುತ್ತಾರಲ್ಲ, ಹಾಗಾಯಿತು. ಮುಚ್ಚಿಕೊಂಡವರು ಮಾವ ಅಲ್ಲ, ನಾವು, ಅಷ್ಟೆ.

ನನಗೆ ಒಂದೇ ಹಂಬಲ ಹತ್ತಿಕೊಂಡಿತು. ನಾನು ನಂಬಿದೆ ಎಂದು ಅವರಿಗೆ ಹೇಳಬೇಕು. ಇವತ್ತು ನಾಳೆ ಅಂದುಕೊಂಡು, ಕಾಯಿ ಸುಲಿಸುವುದು, ನೆಂಟರು, ಹಬ್ಬ ಅಂತ ದಿನ ಹೋಯಿತು. ಕೊನೆಗೆ ಒಂದು ಮಧ್ಯಾಹ್ನ ಒಂದು ಬಟ್ಟಲು ಹೆಸರುಕಾಳಿನ ಉಸಲಿ ತಗೊಂಡು ಹೋದೆ. ಜಗಲಿಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದರು. ಯಾರೋ ನೀಟಾಗಿ ಗಡ್ಡ ತೆಗೆದಿದ್ದರು.

"ಮಾವ, ನೀವು ನಿಜವಾಗ್ಲೂ ಮರ್ತಿದ್ರಿ" ಎಂದೆ.

"ಏನ್ನ?"

"ಅವತ್ತು ತಾಯಿಮರ ಕುಯ್ಯಾಕೆ ಬಂದಾಗ. ಎಣ್ಣೆ ಹಾಕಾದು ಮರ್ತಿದ್ರಿ. ಬೇಕೂಂತ ಮಾಡಿದ್ದಲ್ಲ. ನಾನು ನಂಬ್ತೀನಿ ಮಾವ."

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ಯಾವ ಮರ?" ಎಂದರು. ಆಮೇಲೆ, ಮನೆಗೆ ಬಂದ ಹೊಸಬರನ್ನು ಮಾತಾಡಿಸುವ ಮರ್ಯಾದೆಯಲ್ಲಿ, "ತಾವು ಯಾರ ಪೈಕಿ ಆಗ್ಬೇಕವ್ವ?" ಎಂದು ಕೇಳಿದರು.

ಯಾರ ಪೈಕಿ ಎಂದು ಹೇಳಿದೆ. ನನ್ನ ಅತ್ತೆ ಮಾವನ ಹೆಸರು ಹೇಳಿದೆ, ಮನೆ ತೋರಿಸಿದೆ. "ಓ, ಒಳ್ಳೆ ಮನೆತನ" ಅಂದರು. ಉಸಲಿಯ ಬಟ್ಟಲನ್ನು ಅವರ ಕೈಗೆ ಕೊಟ್ಟು ಎದ್ದು ಬಂದೆ. ಬೇಲಿಯ ಹತ್ತಿರ ಬಂದಾಗ ಅಳು ತಡೆಯಲಾಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಮಾಡಿ ಬಂದ ದಿನ ಅತ್ತೆ, "ಅವ್ರು ಹೋಗಿ ಎಷ್ಟೋ ದಿನ ಆಗಿತ್ತು ಕಣವ್ವ, ಈಗ ಒಯ್ದ್ರು ಅಷ್ಟೇ" ಅಂದರು. ಕಿಬ್ಬನಹಳ್ಳಿಯಲ್ಲಿ ಫ್ಲೆಕ್ಸ್ ಕಟ್ಟಿದ್ದರು, ಮರಕ್ಕಾಗಿ ಮಿಷನ್ನು ತ್ಯಾಗ ಮಾಡಿದ ಮಹಾನುಭಾವರಿಗೆ ಶ್ರದ್ಧಾಂಜಲಿ ಅಂತ. ಸಭೆಯಲ್ಲಿ ತೆಗೆದ, ಶಾಲು ಹೊದ್ದ ಫೋಟೊ ಹಾಕಿದ್ದರು. ಬಸ್ಸಿಗೆ ನಿಂತಾಗಲೆಲ್ಲ ಅದನ್ನು ನೋಡಬೇಕಾಗುತ್ತಿತ್ತು. ಮಳೆಗಾಳಿಗೆ ಹರಿದುಹೋಗುವ ತನಕ ನನಗೆ ಆ ಸ್ಟಾಪೇ ಬೇಡವಾಗಿತ್ತು.

ತಾಯಿಮರವನ್ನು ಇಷ್ಟು ದಿನ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೆ ಹುಳು ಬಿತ್ತು. ಅಲ್ಲಿಂದ ಬೇಲಿ ದಾಟಿ ಮಾವನ ತೋಟಕ್ಕೆ ಹೋಯಿತು. ಅವರ ತೋಟದ ಬೇಲಿ ಸಾಲು ಪೂರ್ತಿ ಬೋಳಾಯಿತು, ಅವರು ಹೇಳಿದ ಹಾಗೇ. ನಮ್ಮದರಲ್ಲೂ ಸುಳಿ ಬೀಳಲು ಶುರುವಾದ ಮೇಲೆ ನಮ್ಮೆಜಮಾನರು ಹೂಂ ಅಂದರು. ಅಂದವರು ಇವತ್ತು ಕಣ್ಣಾರೆ ನೋಡಲಾರೆನೆಂದು ಬೋರನಕಣಿವೆಯ ಹತ್ತಿರದ ನೆಂಟರ ಮನೆಗೆ ಮೊದಲ ಬಸ್ಸಿಗೇ ಹೊರಟುಹೋದರು. ನೋಡುವುದು, ನೀರು ಬಿಡುವುದು, ಕೂಲಿಯವರಿಗೆ ರೊಟ್ಟಿ ತಟ್ಟುವುದು ಎಲ್ಲ ನನ್ನ ಪಾಲಿಗೆ. ನನಗೂ ಸಾಕಾಗಿದೆ.

ಮರ ಕುಯ್ಯುವವನು ಬುಡದ ಹತ್ತಿರ ಹೋಗಿ ಹಳೆಯ ಗಾಯದ ಮೇಲೆ ಕೈಯಾಡಿಸಿದ. ತೆಂಗಿನ ಗಾಯ ಮಾಯುವುದಿಲ್ಲ, ಹಾಗೇ ಬಾಯಿ ತೆರೆದುಕೊಂಡಿತ್ತು. ಅವನು ಚಿಕ್ಕನಾಯಕನಹಳ್ಳಿ ಕಡೆಯವನು, ಮಾವನನ್ನು ಕಂಡವನೇ ಅಲ್ಲ.

"ಇದೇ ಮರ ಅಲ್ವೇನಮ್ಮಾರೆ? ಆ ಯಜಮಾನ್ರು ಬೇಕೂಂತ್ಲೇ ಬರೀ ಪೆಟ್ರೋಲ್ ಹಾಕಿ ಮಿಷನ್ ಸುಟ್ಕಂಡಿದ್ದು?"

"ಇಲ್ಲ ಕಣಪ್ಪ" ಎಂದೆ. "ಬೇಕೂಂತ ಅಲ್ಲ. ಅವ್ರು ಮರ್ತಿದ್ರು. ಅವ್ರಿಗೆ ಕಾಯಿಲೆ ಇತ್ತು."

ಅವನು ನನ್ನನ್ನು ನೋಡಿ ನಕ್ಕ. ಕೆಟ್ಟ ನಗೆಯಲ್ಲ, ಎಲ್ಲ ಗೊತ್ತಿರುವವನ ಮೆತ್ತನೆಯ ನಗೆ.

"ಗೊತ್ತು ಬುಡಿ ಅಮ್ಮಾರೆ" ಅಂದ. "ಅಂಥೋರು ಈಗ ಎಲ್ಲವ್ರೆ."

ಇನ್ನೊಮ್ಮೆ ಹೇಳೋಣವೆಂದು ಹತ್ತಿರ ಹೋದೆ. ಅಷ್ಟರಲ್ಲಿ ಅವನು ಮಿಷನ್ನಿನ ಹಗ್ಗ ಎಳೆದ. ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.